ನಾಲಗೆಗೆ ಆರು ಭಾಷೆ, ಮನಸ್ಸಿಗೆ ಯಾವುದು?

ಮಂಗಳೂರಿನ ಆಸುಪಾಸಿನ ಯಾವುದಾದರೊಂದು ಬ್ಯಾರಿ ಮನೆಯ ಹನ್ನೆರಡು ವರ್ಷದ ಬಾಲಕನ ಒಂದು ದಿನವನ್ನು ಗಮನಿಸೋಣ. ಸೂರ್ಯ ಮೇಲೇರುವ ಮೊದಲೇ ಉಮ್ಮನೊಡನೆ ಬ್ಯಾರಿ ಭಾಷೆಯಲ್ಲಿ ಜಗಳವಾಡುತ್ತಾ ಅವನು ಮದ್ರಸಾಕ್ಕೆ ಹೊರಡುತ್ತಾನೆ. ಅಲ್ಲಿ ಅರಬಿ ಅಕ್ಷರಗಳನ್ನು ಗಂಟಲಿನ ಯಾವ ಸ್ಥಾನದಿಂದ ಹೊರಡಿಸಬೇಕೆಂದು ಕಲಿಯುತ್ತಾನೆ. ಉಸ್ತಾದರ ವಿವರಣೆ ಅರ್ಧ ಮಲಯಾಳಂನಲ್ಲಿರುತ್ತದೆ, ಅದೂ ಅವನಿಗೆ ಅರ್ಥವಾಗುತ್ತದೆ. ಬಸ್ಸಿನಲ್ಲಿ ಕಂಡಕ್ಟರನೊಡನೆ ತುಳು. ತರಗತಿಯಲ್ಲಿ ಇಂಗ್ಲಿಷ್, ಒಂದು ಅವಧಿ ಕನ್ನಡ, ಇನ್ನೊಂದು ಅವಧಿ ಹಿಂದಿ. ಸಂಜೆ ಬಯಲಿನಲ್ಲಿ ಕ್ರಿಕೆಟ್ ಮತ್ತೆ ತುಳುವಿನಲ್ಲಿ. ರಾತ್ರಿ ಮಲಗುವ ಮುನ್ನ ಮೊಬೈಲಿನಲ್ಲಿ ಯಾರೋ ಉರ್ದು ಭಾಷಣಕಾರರ ಮಾತನ್ನು ಅವನ ಅಣ್ಣ ಕೇಳುತ್ತಿದ್ದರೆ, ಇವನೂ ಪಕ್ಕದಲ್ಲಿ ಕುಳಿತು ತಲೆಯಾಡಿಸುತ್ತಾನೆ.

ಘಟ್ಟ ಹತ್ತಿ ಹುಬ್ಬಳ್ಳಿಗೋ ಕಲಬುರಗಿಗೋ ಹೋದರೆ ಮನೆಯ ಭಾಷೆ ದಖ್ಖನಿಯಾಗುತ್ತದೆ, ಭಟ್ಕಳಕ್ಕೆ ಬಂದರೆ ನವಾಯತಿಯಾಗುತ್ತದೆ. ದುಬೈ, ದಮ್ಮಾಮ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ಇಂಗ್ಲಿಷ್, ಹಿಂದಿಗಳ ಜೊತೆ ಶಾಲೆಯ ಅರಬಿಯೂ ಸೇರುತ್ತದೆ. ಪಟ್ಟಿ ಬೇರೆಯಾದರೂ ಸಂಗತಿ ಒಂದೇ. ಕನ್ನಡ ನಾಡಿನ ಮುಸ್ಲಿಮ್ ಮನೆಗಳಲ್ಲಿ ಒಂದೇ ಭಾಷೆ ಬಲ್ಲ ಮಗುವನ್ನು ಹುಡುಕುವುದು ಕಷ್ಟ. ನೆಂಟರು ಬಂದಾಗ ‘ನಮ್ಮ ಹುಡುಗನಿಗೆ ಆರು ಭಾಷೆ ಬರುತ್ತದೆ’ ಎಂದು ಹೇಳಿಕೊಳ್ಳುವಾಗ ನಮ್ಮ ಎದೆ ಉಬ್ಬುವುದು ಸಹಜ.

ಈ ಅಭಿಮಾನ ತಪ್ಪೆಂದು ನಾವು ಹೇಳುವುದಿಲ್ಲ. ಪವಿತ್ರ ಕುರ್‌ಆನ್ ಅರ್ರೂಮ್ ಅಧ್ಯಾಯದಲ್ಲಿ ಭೂಮಿ-ಆಕಾಶಗಳ ಸೃಷ್ಟಿಯ ಜೊತೆಯಲ್ಲೇ ಮನುಷ್ಯರ ಭಾಷೆಗಳ ಹಾಗೂ ಬಣ್ಣಗಳ ವೈವಿಧ್ಯವನ್ನು ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಿದೆ. ಆ ದೃಷ್ಟಾಂತಗಳಲ್ಲಿ ಆರನ್ನು ಒಂದೇ ನಾಲಗೆಯಲ್ಲಿ ಹೊತ್ತ ಮಗು ನಮ್ಮ ಮನೆಯಲ್ಲಿದ್ದರೆ ಅದು ಕೃತಜ್ಞತೆಗೆ ಕಾರಣವೇ ಹೌದು. ಹೆಚ್ಚು ಭಾಷೆ ಕಲಿತರೆ ಮಗು ಗೊಂದಲಕ್ಕೆ ಬೀಳುತ್ತದೆ, ಮಾತು ತಡವಾಗುತ್ತದೆ ಎಂಬ ಹೆದರಿಕೆಯಿಂದ ಮನೆಮಾತನ್ನೇ ಬಿಟ್ಟುಬಿಡುವ ತಂದೆತಾಯಿಗಳಿದ್ದಾರೆ. ಅವರಿಗೆ ಇಷ್ಟು ಹೇಳಿದರೆ ಸಾಕು: ಹಲವು ಭಾಷೆಗಳ ನಡುವೆ ಬೆಳೆಯುವುದು ಮಗುವಿನ ಬುದ್ಧಿಗೆ ಹೊರೆಯಲ್ಲ. ಎರಡು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಬೆರೆಸುವ ಮಗು ಗೊಂದಲದಲ್ಲಿಲ್ಲ. ಎದುರಿಗಿರುವವರಿಗೆ ಎರಡೂ ಗೊತ್ತಿದೆ ಎಂಬುದನ್ನು ಅದು ಅರಿತಿದೆ, ಅಷ್ಟೆ. ಅದೇ ಮಗು ತುಳು ಮಾತ್ರ ಬಲ್ಲ ನೆರೆಮನೆಯ ಅಜ್ಜಿಯೆದುರು ತುಳುವನ್ನಷ್ಟೇ ಆಡುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ಚಿಂತೆ ಬೇರೆಯದು. ಆ ಆರು ಭಾಷೆಯ ಹುಡುಗನನ್ನು ಅವನಿಗೆ ಹದಿನೈದು ವರ್ಷವಾದಾಗ ಕೂರಿಸಿ, ಒಂದು ಹಾಳೆ ಕೊಟ್ಟು, ‘ಅಜ್ಜ ತೀರಿಕೊಂಡ ದಿನ ನಿನಗೆ ಏನನ್ನಿಸಿತು, ಬರೆ, ಯಾವ ಭಾಷೆಯಾದರೂ ಸರಿ’ ಎಂದು ಕೇಳಿದರೆ ಏನಾಗುತ್ತದೆ? ಹೆಚ್ಚಿನ ಮಕ್ಕಳು ನಾಲ್ಕು ಸಾಲು ಬರೆದು ಪೆನ್ನು ಕೆಳಗಿಡುತ್ತಾರೆ. ಅನುಭವ ಮನೆಮಾತಿನಲ್ಲಿದೆ, ಆದರೆ ಮನೆಮಾತನ್ನು ಬರೆದು ಅಭ್ಯಾಸವಿಲ್ಲ. ಕನ್ನಡದಲ್ಲಿ ಬರೆಯಬಹುದು, ಆದರೆ ಅವನ ಕನ್ನಡ ಪರೀಕ್ಷೆಯ ಪ್ರಶ್ನೋತ್ತರಗಳಾಚೆ ಬೆಳೆದಿಲ್ಲ. ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆಯಲು ಬರುತ್ತದೆ, ದುಃಖ ಬರೆಯಲು ಬರುವುದಿಲ್ಲ. ಉರ್ದು ಮಾತನಾಡುತ್ತಾನೆ, ಲಿಪಿ ಬಾರದು. ಅರಬಿಯ ಲಿಪಿ ಚೆನ್ನಾಗಿ ಬರುತ್ತದೆ, ಅರ್ಥ ಬಾರದು. ಆರು ಕೋಣೆಗಳ ಮನೆ ಕಟ್ಟಿದ್ದೇವೆ, ಯಾವ ಕೋಣೆಗೂ ಮಾಡು ಹಾಕಿಲ್ಲ.

ನಿರರ್ಗಳವಾಗಿ ಮಾತನಾಡುವುದು ಬೇರೆ, ಒಂದು ಭಾಷೆ ನಮ್ಮದಾಗುವುದು ಬೇರೆ. ನಮ್ಮದಾದ ಭಾಷೆಯಲ್ಲಿ ನಾವು ಸಂದೇಹ ಪಡುತ್ತೇವೆ, ವಾದಿಸುತ್ತೇವೆ, ಕ್ಷಮೆ ಕೇಳುತ್ತೇವೆ, ಒಬ್ಬರೇ ಕುಳಿತು ದುಆ ಮಾಡುತ್ತೇವೆ. ನಮ್ಮ ಎಷ್ಟು ಮಕ್ಕಳಿಗೆ ಅಂಥದೊಂದು ಭಾಷೆ ದಕ್ಕಿದೆ?

ಭಾಷೆ ಬಲ್ಲ ಬಾಲಕನೆಂದರೆ ಇಸ್ಲಾಮೀ ಇತಿಹಾಸದಲ್ಲಿ ಮೊದಲು ನೆನಪಾಗುವವರು ಹಝ್ರತ್ ಝೈದ್ ಬಿನ್ ಸಾಬಿತ್(ರ). ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅವರಿಗೆ ಹನ್ನೊಂದರ ಆಸುಪಾಸಿನ ವಯಸ್ಸು. ತಂದೆ ಇರಲಿಲ್ಲ. ಬದ್ರ್ ಯುದ್ಧಕ್ಕೆ ಹೊರಟು ನಿಂತಾಗ ವಯಸ್ಸು ಸಾಲದೆಂದು ಹಿಂದಕ್ಕೆ ಕಳುಹಿಸಲ್ಪಟ್ಟ ಹುಡುಗರಲ್ಲಿ ಅವರೂ ಒಬ್ಬರು. ಖಡ್ಗ ಹಿಡಿಯಲಾಗದ ಆ ಬಾಲಕನಿಗೆ ಪ್ರವಾದಿವರ್ಯರು(ಸ) ಇನ್ನೊಂದು ಕೆಲಸ ಕೊಟ್ಟರು. ಯಹೂದಿಗಳೊಂದಿಗಿನ ಪತ್ರವ್ಯವಹಾರಕ್ಕೆ ಅವರ ಬರವಣಿಗೆಯನ್ನು ಕಲಿಯುವಂತೆ ಆದೇಶಿಸಿದರು, ಏಕೆಂದರೆ ಆ ಪತ್ರಗಳ ವಿಷಯದಲ್ಲಿ ಪೂರ್ಣ ನಂಬಿಕೆ ಇಡಬಹುದಾದವರು ಬೇಕಾಗಿದ್ದರು. ಝೈದ್(ರ) ಅರ್ಧ ತಿಂಗಳೊಳಗೆ ಅದನ್ನು ಕಲಿತರೆಂದು ತಿರ್ಮಿದಿ ಮತ್ತು ಅಬೂದಾವೂದ್ ಗ್ರಂಥಗಳ ಹದೀಸ್‌ಗಳಲ್ಲಿದೆ. ಆ ಬಳಿಕ ಪ್ರವಾದಿಯವರ(ಸ) ಪರವಾಗಿ ಅವರಿಗೆ ಪತ್ರ ಬರೆಯುತ್ತಿದ್ದವರೂ ಅವರಿಂದ ಬಂದ ಪತ್ರಗಳನ್ನು ಓದಿ ಹೇಳುತ್ತಿದ್ದವರೂ ಝೈದರೇ.

ಈ ಘಟನೆಯನ್ನು ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಎರಡು ವಾರದಲ್ಲಿ ಭಾಷೆ ಕಲಿತ ಅದ್ಭುತ ಸ್ಮರಣಶಕ್ತಿಯ ಕಥೆಯಾಗಿ ಹೇಳುತ್ತೇವೆ, ಮಕ್ಕಳು ಬೆರಗಾಗುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ನಾವು ಗಮನಿಸದೆ ಬಿಡುವುದು ಅವರು ಕಲಿತದ್ದು ಏನನ್ನು ಎಂಬುದನ್ನು. ಅವರಿಗೆ ವಹಿಸಿದ್ದು ಸಂತೆಯಲ್ಲಿ ವ್ಯವಹರಿಸುವಷ್ಟು ಮಾತಲ್ಲ, ಓದು ಮತ್ತು ಬರಹ. ಅದನ್ನು ಕಲಿಯುವ ಮೊದಲೇ ಅವರಿಗೆ ತಮ್ಮ ಸ್ವಂತ ಭಾಷೆಯಲ್ಲಿ ಆಳವಾದ ನೆಲೆಯಿತ್ತು. ಕುರ್‌ಆನಿನ ಹಲವು ಅಧ್ಯಾಯಗಳು ಕಂಠಪಾಠವಾಗಿದ್ದವು, ಅರ್ಥಸಹಿತವಾಗಿ. ಒಂದು ಭಾಷೆ ಗಟ್ಟಿಯಾಗಿದ್ದುದರಿಂದ ಇನ್ನೊಂದು ಬೇಗ ಬಂತು. ಮುಂದೆ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಬಹುಮಂದಿ ಹುತಾತ್ಮರಾದಾಗ, ಚದುರಿದ್ದ ಬರಹಗಳಿಂದಲೂ ಜನರ ನೆನಪಿನಿಂದಲೂ ಕುರ್‌ಆನನ್ನು ಒಂದೆಡೆ ಕ್ರೋಡೀಕರಿಸುವ ಹೊಣೆಯನ್ನು ಹಝ್ರತ್ ಅಬೂಬಕರ್(ರ) ಒಪ್ಪಿಸಿದ್ದು ಇದೇ ಯುವಕನಿಗೆ. ಆಗ ಅವರಿಗೆ ಇಪ್ಪತ್ತು ದಾಟಿ ಒಂದೆರಡು ವರ್ಷವಾಗಿತ್ತಷ್ಟೆ. ಖಲೀಫರು ಕೊಟ್ಟ ಕಾರಣಗಳು ಬುಖಾರಿಯಲ್ಲಿವೆ: ನೀನು ಯುವಕ, ಬುದ್ಧಿವಂತ, ನಿನ್ನ ಪ್ರಾಮಾಣಿಕತೆಯ ಬಗ್ಗೆ ನಮಗೆ ಸಂಶಯವಿಲ್ಲ, ಪ್ರವಾದಿಯವರಿಗಾಗಿ(ಸ) ದಿವ್ಯವಾಣಿಯನ್ನು ಬರೆಯುತ್ತಿದ್ದವನು ನೀನು ಎಂಬರ್ಥದ ಮಾತುಗಳು. ಬೆಟ್ಟವೊಂದನ್ನು ಸ್ಥಳಾಂತರಿಸಲು ಹೇಳಿದ್ದರೂ ತಮಗೆ ಇಷ್ಟು ಭಾರವೆನಿಸುತ್ತಿರಲಿಲ್ಲವೆಂದು ಝೈದ್(ರ) ಹೇಳಿಕೊಂಡಿದ್ದಾರೆ. ಭಾಷೆಯ ಭಾರ ಅವರಿಗೆ ಗೊತ್ತಿತ್ತು.

ನಾವು ನಮ್ಮ ಹರೆಯದ ಮಕ್ಕಳ ಭಾಷೆಗಳನ್ನು ಬಳಸಿಕೊಳ್ಳುತ್ತಿರುವುದು ಹೇಗೆ? ಇಲ್ಲಿ ನಾವು ಸ್ವಲ್ಪ ಕಹಿಯಾದ ಮಾತನ್ನೇ ಹೇಳಬೇಕಾಗಿದೆ.

ಒಂದು ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ. ಮನೆಯೊಳಗೆ ದಖ್ಖನಿಯಲ್ಲೇ ಬದುಕು ಕಳೆದ ತಾಯಿ. ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಆಡಲು ಬಾಯಿ ಬರುವುದಿಲ್ಲ. ಕನ್ನಡ ಮಾತ್ರ ಬಲ್ಲ ವೈದ್ಯರು. ನಡುವೆ ಒಂಬತ್ತನೆಯ ತರಗತಿಯ ಮಗ, ಆ ದಿನ ಶಾಲೆಗೆ ರಜೆ ಹಾಕಿ ಬಂದವನು. ತಾಯಿಗಿರುವುದು ಹೆಣ್ಣಿನ ತೊಂದರೆ, ತಿಂಗಳುಗಳಿಂದ ನಿಲ್ಲದ ರಕ್ತಸ್ರಾವ. ಮಗನ ಬಾಯಿಂದ ಅದನ್ನು ಹೇಳಿಸುವುದು ಹೇಗೆ? ‘ಹೊಟ್ಟೆನೋವೆಂದು ಹೇಳು’ ಎನ್ನುತ್ತಾಳೆ. ಅವನು ನಿರರ್ಗಳ ಕನ್ನಡದಲ್ಲಿ ಹೊಟ್ಟೆನೋವೆಂದು ಹೇಳುತ್ತಾನೆ. ವೈದ್ಯರು ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳುಹಿಸುತ್ತಾರೆ. ಅನುವಾದದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ರೋಗ ಮಾತ್ರ ವೈದ್ಯರನ್ನು ತಲುಪಲೇ ಇಲ್ಲ.

ಇದು ಎಲ್ಲೋ ಒಂದೆಡೆ ನಡೆದ ಅಪರೂಪದ ಸಂಗತಿಯಲ್ಲ. ನಮ್ಮ ಬಡಾವಣೆಗಳ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಒಬ್ಬೊಬ್ಬರ ಬಳಿಯೂ ಇಂಥದೊಂದು ನೆನಪು ಇರುತ್ತದೆ. ಬ್ಯಾಂಕಿನಲ್ಲಿ ಸಾಲದ ಕಂತು ತಪ್ಪಿದ್ದಕ್ಕೆ ಅಧಿಕಾರಿ ಗದರಿದ್ದನ್ನು ಅಪ್ಪನಿಗೆ ದಾಟಿಸಬೇಕಾದವನು ಮಗ. ಕಚೇರಿಯಲ್ಲಿ ಪಿಂಚಣಿಗಾಗಿ ಅಲೆಯುವ ಅಜ್ಜಿಯ ಪರವಾಗಿ ಅಂಗಲಾಚಬೇಕಾದವಳು ಮೊಮ್ಮಗಳು. ಶಾಲೆಯ ಪೋಷಕರ ಸಭೆಯಲ್ಲಿ ತನ್ನ ಮೇಲಿನ ದೂರನ್ನು ತಾನೇ ತಾಯಿಗೆ ತರ್ಜುಮೆ ಮಾಡುವ ಹುಡುಗನಂತೂ ಭಾಗ್ಯವಂತ. ‘ಚೆನ್ನಾಗಿ ಓದುತ್ತಿದ್ದಾನಂತೆ’ ಎಂದು ಹೇಳಿ ಮುಗಿಸುತ್ತಾನೆ! ನಗು ಬರುವ ಸಂಗತಿಯೇ. ಆದರೆ ಹತ್ತು ಹನ್ನೆರಡು ವರ್ಷದ ಮಗು ಮನೆಯ ಸಾಲ, ತಾಯಿಯ ರೋಗ, ತಂದೆಯ ಅವಮಾನ ಎಲ್ಲವನ್ನೂ ತನ್ನ ನಾಲಗೆಯ ಮೇಲೆ ಹೊತ್ತು ತಿರುಗುವುದು ನಗುವ ವಿಷಯವಲ್ಲ. ಆ ಮಗುವಿನ ಕಣ್ಣಲ್ಲಿ ತಂದೆ ದಿನದಿನಕ್ಕೂ ಚಿಕ್ಕವನಾಗುತ್ತಾನೆ. ಹರೆಯಕ್ಕೆ ಬಂದಾಗ ಮಗ ಮಾತು ಕೇಳುವುದಿಲ್ಲವೆಂದು ನಾವು ದೂರುತ್ತೇವೆ. ಮಾತೆಲ್ಲವನ್ನೂ ಅವನ ಕೈಗೆ ಕೊಟ್ಟವರು ಯಾರು?

ಬುಖಾರಿಯಲ್ಲಿ ಇನ್ನೊಬ್ಬ ದುಭಾಷಿಯ ಉಲ್ಲೇಖವಿದೆ. ಅಬೂ ಜಮ್ರಾ ಎಂಬವರು ಇಬ್ನು ಅಬ್ಬಾಸ್(ರ) ಮತ್ತು ಅವರನ್ನು ಕಾಣಲು ಬರುತ್ತಿದ್ದ ಜನರ ನಡುವೆ ಮಾತನ್ನು ದಾಟಿಸುತ್ತಿದ್ದರು. ಇಬ್ನು ಅಬ್ಬಾಸ್(ರ) ಅವರನ್ನು ತನ್ನ ಪಕ್ಕದಲ್ಲೇ ಪೀಠದ ಮೇಲೆ ಕೂರಿಸಿಕೊಳ್ಳುತ್ತಿದ್ದರು, ನನ್ನ ಬಳಿಯೇ ಇರು, ನನ್ನ ಸಂಪತ್ತಿನಲ್ಲಿ ಪಾಲು ಕೊಡುತ್ತೇನೆ ಎಂದಿದ್ದರು. ಮಾತು ದಾಟಿಸುವುದು ಅವರ ದೃಷ್ಟಿಯಲ್ಲಿ ಪೀಠಕ್ಕೂ ಸಂಭಾವನೆಗೂ ಅರ್ಹವಾದ, ಪ್ರೌಢರು ಮಾಡಬೇಕಾದ ಕೆಲಸವಾಗಿತ್ತು. ನಾವು ಅದನ್ನು ಮಕ್ಕಳ ತಲೆಗೆ ಕಟ್ಟಿ, ಮುಗಿದ ಮೇಲೆ ಐದು ರೂಪಾಯಿಯ ಚಾಕೊಲೇಟನ್ನೂ ಕೊಡಿಸುವುದಿಲ್ಲ. ಊರಿಗೊಬ್ಬ ವಿದ್ಯಾವಂತ ಹೆಣ್ಣುಮಗಳು ವಾರಕ್ಕೆ ಒಂದು ದಿನ ಆಸ್ಪತ್ರೆಯಲ್ಲಿ ಇಂಥ ತಾಯಂದಿರ ಜೊತೆ ಕುಳಿತರೆ ಎಷ್ಟು ಹೊಟ್ಟೆನೋವುಗಳ ನಿಜ ಹೆಸರು ಗೊತ್ತಾಗುತ್ತಿತ್ತು! ನಮ್ಮ ಜಮಾಅತ್‌ಗಳು ರೋಗಿಗಳಿಗೆ ಹಣ್ಣು ಹಂಚುತ್ತವೆ, ಅದು ಒಳ್ಳೆಯದೇ. ಅದೇ ಹೊತ್ತಿನಲ್ಲಿ ಇದನ್ನೂ ಮಾಡಬಹುದು. ಅದಕ್ಕಿಂತಲೂ ಮೇಲು, ಆ ತಾಯಿಗೇ ನಾಲ್ಕು ಮಾತು ಕನ್ನಡ ಕಲಿಸುವುದು. ಮನೆಯಲ್ಲಿ ಆರು ಭಾಷೆಯ ಮಗನಿರುವಾಗ ಗುರುವನ್ನು ಹುಡುಕಬೇಕಾಗಿಲ್ಲ.

ಭಾಷೆಗಳು ಆಳಕ್ಕೆ ಇಳಿಯದಿರಲು ಇನ್ನೊಂದು ಕಾರಣ ನಾವೇ ಕಲಿಸಿದ ನಾಚಿಕೆ. ಮಕ್ಕಳ ಮನಸ್ಸಿನಲ್ಲಿ ನಾವು ಭಾಷೆಗಳಿಗೊಂದು ಏಣಿ ಕಟ್ಟಿದ್ದೇವೆ. ಮೇಲೆ ಇಂಗ್ಲಿಷ್, ಕೆಳಗೆ ಮನೆಮಾತು. ದಖ್ಖನಿಯ ಮಗು ‘ನಕ್ಕೊ’ ಎಂದರೆ ‘ಸರಿಯಾದ ಉರ್ದು ಮಾತಾಡು’ ಎಂದು ಗದರುವವರು ಹೊರಗಿನವರಲ್ಲ, ಮನೆಯವರೇ. ‘ಹೌ’, ‘ನಕ್ಕೊ’, ‘ಕೈಕು’ ಎನ್ನುವ ಈ ಭಾಷೆ ಕೆಟ್ಟುಹೋದ ಉರ್ದುವೆಂದು ನಂಬಿಸಿದವರು ಬಿಜಾಪುರವನ್ನು ಮರೆತಿದ್ದಾರೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ್ ತನ್ನ ‘ಕಿತಾಬೆ ನವ್ರಸ್’ ಕೃತಿಯನ್ನು ರಚಿಸಿದ್ದು ದಖ್ಖನಿಯಲ್ಲಿ. ಅದೇ ಆಸ್ಥಾನದಲ್ಲಿ ಮುಂದೆ ನುಸ್ರತಿಯಂಥ ಮಹಾಕವಿ ಬರೆದದ್ದೂ ಅದರಲ್ಲೇ. ದಿಲ್ಲಿಯಲ್ಲಿ ಉರ್ದು ಕಾವ್ಯ ತಲೆಯೆತ್ತುವುದಕ್ಕೂ ಬಹಳ ಮೊದಲಿನ ಮಾತಿದು. ಬ್ಯಾರಿ ಮಕ್ಕಳ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಪಟ್ಟಣದ ಶಾಲೆಗೆ ಹೋದೊಡನೆ ಬ್ಯಾರಿಯನ್ನು ನುಂಗಿಕೊಳ್ಳುತ್ತಿದ್ದ ಒಂದು ತಲೆಮಾರು ನಮ್ಮ ಮುಂದೆಯೇ ಇದೆ. ಇಂದು ಆ ಭಾಷೆಗೆ ಸರಕಾರದ ಸಾಹಿತ್ಯ ಅಕಾಡೆಮಿಯಿದೆ, ‘ಬ್ಯಾರಿ’ ಎಂಬ ಚಲನಚಿತ್ರಕ್ಕೆ 2011ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಗೌರವ ಮರಳಿತು, ಆದರೆ ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಮಕ್ಕಳು ‘ಮಮ್ಮಿ, ಡ್ಯಾಡಿ’ಗೆ ಬಂದಾಗಿತ್ತು.

ಉಚ್ಚಾರಣೆಯ, ಶೈಲಿಯ ವ್ಯತ್ಯಾಸಕ್ಕಾಗಿ ಒಬ್ಬರು ಇನ್ನೊಬ್ಬರನ್ನು ಹೀಯಾಳಿಸುವುದು ಹೊಸತೇನಲ್ಲ. ಹಝ್ರತ್ ಉಮರ್(ರ) ಒಮ್ಮೆ ಹಿಶಾಮ್ ಬಿನ್ ಹಕೀಮ್(ರ) ಅವರು ಅಲ್‌ಫುರ್ಕಾನ್ ಅಧ್ಯಾಯವನ್ನು ತಾವು ಕಲಿತದ್ದಕ್ಕಿಂತ ಭಿನ್ನವಾಗಿ ಪಠಿಸುವುದನ್ನು ಕೇಳಿ, ಅವರ ಮೇಲುಹೊದಿಕೆ ಹಿಡಿದು ಎಳೆದುಕೊಂಡೇ ಪ್ರವಾದಿವರ್ಯರ(ಸ) ಬಳಿಗೆ ಹೋದರು. ಪ್ರವಾದಿವರ್ಯರು(ಸ) ಇಬ್ಬರಿಂದಲೂ ಪಠಿಸಿ ಕೇಳಿದರು. ಇಬ್ಬರದೂ ಸರಿಯೆಂದರು, ಕುರ್‌ಆನ್ ಏಳು ರೀತಿಗಳಲ್ಲಿ ಅವತೀರ್ಣವಾಗಿದೆ, ನಿಮಗೆ ಸುಲಭವಾದುದರಲ್ಲಿ ಓದಿ ಎಂಬರ್ಥದಲ್ಲಿ ತೀರ್ಪಿತ್ತರು. ಅಲ್ಲಾಹನ ವಚನದ ಪಠಣದಲ್ಲೇ ಇಷ್ಟು ವಿಶಾಲತೆಯಿದ್ದ ಸಮುದಾಯದ ನಾವು, ಮಗುವಿನ ‘ನಕ್ಕೊ’ವನ್ನು ಸಹಿಸುವುದಿಲ್ಲ.

ಗಲ್ಫ್‌ನಿಂದ ಬೇಸಿಗೆ ರಜೆಗೆ ಊರಿಗೆ ಬರುವ ಮಕ್ಕಳ ವಿಷಯದಲ್ಲಿ ಈ ನಾಚಿಕೆಯ ಬೆಲೆ ಎದ್ದು ಕಾಣುತ್ತದೆ. ಅಜ್ಜಿ ಮಂಚದ ಅಂಚಿನಲ್ಲಿ ಕುಳಿತು ಮೊಮ್ಮಗಳ ತಲೆ ಸವರುತ್ತಾರೆ. ಇಬ್ಬರಿಗೂ ಪ್ರೀತಿಯಿದೆ, ಹೇಳಲು ಮಾತಿಲ್ಲ. ‘ಊಟ ಆಯ್ತಾ’ ಎಂಬಲ್ಲಿಗೆ ಎಲ್ಲ ಮುಗಿಯಿತು. ಆ ಅಜ್ಜಿಯ ಬಳಿ ನೆರೆ ಬಂದ ವರ್ಷದ ಕಥೆಯಿದೆ, ಅಜ್ಜನ ಹಜ್ ಯಾತ್ರೆಯ ಕಥೆಯಿದೆ, ಮಗುವನ್ನು ಮಲಗಿಸುವಾಗ ಹೇಳುತ್ತಿದ್ದ ದಿಕ್ರ್‌ನ ಧಾಟಿಯಿದೆ. ಬಂಧುತ್ವ ಕಾಪಾಡುವುದನ್ನು ನಮ್ಮ ಧರ್ಮ ಎಷ್ಟು ಗಂಭೀರವಾಗಿ ಪರಿಗಣಿಸಿದೆ ಎಂಬುದು ಎಲ್ಲರಿಗೂ ಗೊತ್ತು. ವಿಮಾನದ ಟಿಕೆಟ್ಟಿಗೆ ಲಕ್ಷ ಸುರಿದು ಬಂದ ಮೇಲೂ ಆ ಬಂಧು ಸಿಗದಿರುವುದಕ್ಕೆ ಕಾರಣ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಆಡದೆ ಬಿಟ್ಟ ಮಾತು.

ಇನ್ನು ಧರ್ಮದ ವಿಷಯ. ಪ್ರತಿಯೊಬ್ಬ ದೇವದೂತರನ್ನೂ ಅವರ ಜನತೆಯ ಭಾಷೆಯಲ್ಲೇ ಕಳುಹಿಸಲಾಯಿತು, ಅವರು ವಿಷಯವನ್ನು ಸ್ಪಷ್ಟಪಡಿಸಿ ತಿಳಿಸಲೆಂದು. ಇಬ್ರಾಹೀಮ್ ಅಧ್ಯಾಯದ ಆರಂಭದಲ್ಲೇ ಇದು ಬಂದಿದೆ. ಪ್ರವಾದಿ ಮೂಸಾ(ಅ) ಫಿರ್‌ಔನನ ಬಳಿಗೆ ಹೋಗುವ ಮುನ್ನ ಬೇಡಿಕೊಂಡದ್ದು ನಾಲಗೆಯ ಗಂಟು ಬಿಚ್ಚಲೆಂದು, ತನ್ನ ಮಾತು ಜನರಿಗೆ ಅರ್ಥವಾಗಲೆಂದು. ತನಗಿಂತ ಸ್ಫುಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ) ಜೊತೆಗಿರಲೆಂದೂ ಕೇಳಿಕೊಂಡರು. ಅರ್ಥವಾಗುವುದಕ್ಕೆ ಅಲ್ಲಾಹನ ಬಳಿ ಇಷ್ಟು ಬೆಲೆ. ಹೀಗಿರುವಾಗ ನಮ್ಮ ಹದಿನಾರರ ಹುಡುಗಿಗೆ ವಿಧಿಯ ಬಗ್ಗೆ, ಮರಣದ ಬಗ್ಗೆ, ತರಗತಿಯಲ್ಲಿ ಗೆಳತಿ ಕೇಳಿದ ಒಂದು ಪ್ರಶ್ನೆಯ ಬಗ್ಗೆ ಸಂದೇಹ ಹುಟ್ಟಿದರೆ ಅವಳು ಅದನ್ನು ಯಾವ ಭಾಷೆಯಲ್ಲಿ, ಯಾರಲ್ಲಿ ಕೇಳಬೇಕು? ಮನೆಮಾತಿನಲ್ಲಿ ಅದಕ್ಕೆ ಬೇಕಾದ ಪದಗಳನ್ನು ನಾವು ಕೊಟ್ಟಿಲ್ಲ. ಕನ್ನಡದಲ್ಲಿ ಕೇಳಿದರೆ ಉಸ್ತಾದರಿಗೆ ಕನ್ನಡದಲ್ಲಿ ವಿವರಿಸುವ ಅಭ್ಯಾಸವಿಲ್ಲದಿರಬಹುದು. ಕೊನೆಗೆ ಅವಳು ಮೊಬೈಲನ್ನು ಕೇಳುತ್ತಾಳೆ. ಅಲ್ಲಿ ಉತ್ತರ ಕೊಡುವವರು ಯಾವ ದೇಶದವರೋ, ಯಾವ ಮನಸ್ಸಿನವರೋ. ಅವಳ ಊರು, ಅವಳ ನೆರೆಹೊರೆ, ಅವಳ ಗೆಳತಿ ಅವರಿಗೆ ಗೊತ್ತಿಲ್ಲ.

ಕನ್ನಡದಲ್ಲಿ ಧರ್ಮವನ್ನು ಕಲಿಸಿದರೆ ಉರ್ದು ಹೋಗುತ್ತದೆ, ಉರ್ದು ಹೋದರೆ ದೀನ್ ಹೋಗುತ್ತದೆ ಎಂಬ ಆತಂಕ ನಮ್ಮ ಕೆಲವು ಹಿರಿಯರಲ್ಲಿದೆ. 2011ರ ಜನಗಣತಿಯಂತೆ ಕರ್ನಾಟಕದ ಪ್ರತಿ ನೂರು ಜನರಲ್ಲಿ ಸುಮಾರು ಹನ್ನೊಂದು ಮಂದಿಯ ಮಾತೃಭಾಷೆ ಉರ್ದು. ಆದ್ದರಿಂದ ಆ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಉರ್ದುವಿನಲ್ಲಿರುವ ಜ್ಞಾನಭಂಡಾರಕ್ಕೆ ಬೆನ್ನು ಹಾಕುವುದು ಮೂರ್ಖತನವಾದೀತು. ಆದರೆ ಉರ್ದುವಿಗೆ ಆ ಸ್ಥಾನ ಬಂದ ಬಗೆಯನ್ನೂ ನೆನಪಿಸಿಕೊಳ್ಳಬೇಕು. ಹದಿನೆಂಟನೆಯ ಶತಮಾನದಲ್ಲಿ ದಿಲ್ಲಿಯ ಶಾಹ್ ವಲೀಯುಲ್ಲಾಹ್ ಅವರು ಕುರ್‌ಆನನ್ನು ಅಂದಿನ ವಿದ್ಯಾವಂತರ ಭಾಷೆಯಾಗಿದ್ದ ಪಾರ್ಸಿಗೆ ಅನುವಾದಿಸಿದರು. ಜನ ಪಾರ್ಸಿಯಿಂದ ದೂರ ಸರಿಯುತ್ತಿದ್ದುದನ್ನು ಕಂಡ ಅವರ ಪುತ್ರರಾದ ಶಾಹ್ ರಫೀಉದ್ದೀನ್ ಮತ್ತು ಶಾಹ್ ಅಬ್ದುಲ್ ಕಾದಿರ್ ಅದನ್ನು ಜನರ ಮಾತಾದ ಉರ್ದುವಿಗೆ ತಂದರು. ತಂದೆಯ ಭಾಷೆಯನ್ನೇ ಹಿಡಿದು ಕೂತಿದ್ದರೆ ಉರ್ದು ಇಂದು ಧರ್ಮದ ಭಾಷೆಯಾಗಿರುತ್ತಿರಲಿಲ್ಲ. ಕನ್ನಡದಲ್ಲಿಯೂ ಕುರ್‌ಆನಿನ ಅನುವಾದಗಳು ಬಂದು ದಶಕಗಳೇ ಕಳೆದಿವೆ. ಕೆಲವು ಮಸೀದಿಗಳಲ್ಲಿ ಜುಮಾ ಪ್ರವಚನ ಕನ್ನಡದಲ್ಲಿ ನಡೆಯುತ್ತಿದೆ, ಯುವಕರು ಕಂಬಕ್ಕೆ ಒರಗಿ ತೂಕಡಿಸುವುದು ಅಲ್ಲಿ ಕಡಿಮೆಯಾಗಿದೆ ಎಂಬುದು ನಮ್ಮ ಅನುಭವ.

ಆಳಕ್ಕಿಳಿದ ಭಾಷೆ ಏನು ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಾನು ಮುಷ್ತಾಕ್ ಅವರ ಮನೆಮಾತು ಕನ್ನಡವಲ್ಲ. ಎಂಟು ವರ್ಷದ ಬಾಲಕಿಯಾಗಿದ್ದಾಗ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಅವರನ್ನು ಸೇರಿಸಿಕೊಂಡದ್ದು ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಎಲ್ಲ ಅಭಿಪ್ರಾಯಗಳನ್ನು ನಮ್ಮ ಓದುಗರೆಲ್ಲರೂ ಒಪ್ಪಬೇಕೆಂದಿಲ್ಲ, ಅದು ಬೇರೆ ಚರ್ಚೆ. ಕಾಸರಗೋಡಿನ ಮಲಯಾಳಂ ಮಾತಿನ ಮನೆಯಿಂದ ಬಂದು ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್, ಉರ್ದು ಮನೆಮಾತಿನ ಕೆ.ಎಸ್. ನಿಸಾರ್ ಅಹಮದ್, ಪುತ್ತೂರಿನ ಬೋಳುವಾರಿನಿಂದ ಬಂದ ಮಹಮದ್ ಕುಂಞಿ – ಇವರೆಲ್ಲರ ಬಾಲ್ಯದ ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು. ಮನೆಯದನ್ನು ಮರೆತು ಅವರು ಕನ್ನಡಕ್ಕೆ ಬರಲಿಲ್ಲ. ಅದನ್ನು ಹೊತ್ತುಕೊಂಡೇ ಬಂದರು, ಆದ್ದರಿಂದಲೇ ಅವರ ಕನ್ನಡದಲ್ಲಿ ನಮ್ಮ ಮನೆಗಳು ಕಾಣಿಸಿಕೊಂಡವು. ಇಂದು ನಮ್ಮ ಮನೆಗಳ ಬಗ್ಗೆ ಬೇರೆಯವರು ಬರೆದದ್ದನ್ನು ಓದಿ ನಾವು ನೊಂದುಕೊಳ್ಳುವುದು ಹೆಚ್ಚಾಗಿದೆ. ಮುಂದಿನ ತಲೆಮಾರಿನಲ್ಲಿ ನಾವೇ ಬರೆಯುವವರು ಎಷ್ಟು ಮಂದಿ ಉಳಿಯುತ್ತಾರೆ?

ಆದ್ದರಿಂದ ಆರನ್ನೂ ಸಮನಾಗಿ ಕಲಿಸಬೇಕೆಂಬ ಹುಚ್ಚು ಬೇಡ. ಮನೆಮಾತನ್ನು ಮನೆಯಲ್ಲಿ ನಾಚಿಕೆಯಿಲ್ಲದೆ ಆಡೋಣ, ಬಯ್ಯುವುದಕ್ಕೆ ಮಾತ್ರವಲ್ಲ, ಮಕ್ಕಳೊಡನೆ ಗಂಭೀರ ವಿಷಯ ಮಾತನಾಡುವುದಕ್ಕೂ. ಯಾವುದಾದರೂ ಒಂದು ಭಾಷೆಯಲ್ಲಿ ಮಗು ಪಠ್ಯಕ್ಕೆ ಹೊರಗಿನ ಪುಸ್ತಕ ಓದುವಂತೆ, ತನ್ನದೇ ಮಾತು ಬರೆಯುವಂತೆ ನೋಡಿಕೊಳ್ಳೋಣ. ಈ ನಾಡಿನಲ್ಲಿ ಬಾಳುವ ನಮಗೆ ಅದು ಕನ್ನಡವಾಗಿದ್ದರೆ ಮೇಲೆಂಬುದು ನಮ್ಮ ಅಭಿಪ್ರಾಯ. ಉರ್ದುವಿನ ಪುಸ್ತಕ ಓದುವ ಮನೆಯಲ್ಲಿ ಉರ್ದು ಇರಲಿ, ಜಗಳವಿಲ್ಲ. ಅರಬಿಯನ್ನು ಓದಿಸುವ ಮದ್ರಸಾಗಳು ದಿನಕ್ಕೆ ಮೂರು ವಚನಗಳ ಅರ್ಥವನ್ನಾದರೂ ಮಗುವಿನ ಭಾಷೆಯಲ್ಲಿ ಹೇಳಿಕೊಟ್ಟು, ಐದು ನಿಮಿಷ ಪ್ರಶ್ನೆ ಕೇಳಲು ಬಿಡಲಿ. ಮಸೀದಿಗೆ ಹೊಸ ಬಣ್ಣ ಬಳಿಯುವ ವೆಚ್ಚದ ಒಂದು ಪಾಲಿನಲ್ಲಿ ಮದ್ರಸಾದ ಮೂಲೆಗೆ ಒಂದು ಕಪಾಟು ಪುಸ್ತಕ ಬರುತ್ತದೆ.

ಮತ್ತೆ ಆ ಹಾಳೆಯ ವಿಷಯ. ಮುಂದಿನ ರಜೆಯಲ್ಲಿ ನಮ್ಮ ಮಗುವಿಗೆ ಅದನ್ನು ಕೊಡೋಣ. ಅಜ್ಜಿ ಹೇಳಿದ ಒಂದು ಸಂಗತಿಯನ್ನು ಅದು ಬರೆಯಲಿ. ಅಕ್ಷರ ಕನ್ನಡದ್ದಿರಲಿ, ಮಾತು ಅಜ್ಜಿಯದೇ ಇರಲಿ, ಬ್ಯಾರಿಯೋ ನವಾಯತಿಯೋ ದಖ್ಖನಿಯೋ. ಬರೆದು ಮುಗಿದ ಮೇಲೆ ಅದನ್ನು ಅಜ್ಜಿಯ ಬಳಿ ಕುಳಿತು ಓದಿ ಹೇಳಲಿ. ಎಲ್ಲಿ ತಪ್ಪಿದೆಯೆಂದು ಅವರೇ ತಿದ್ದುತ್ತಾರೆ.